ಕೃತಿಚೌರ್ಯ: ವಿಶ್ವವಿದ್ಯಾನಿಲಯಕ್ಕೆ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಮಾಹಿತಿ

ಅನ್ಯರ ಬರಹ, ವಿಚಾರ, ಅಂಕಿ-ಅಂಶ, ನಕ್ಷೆ ಅಥವಾ ಛಾಯಾಚಿತ್ರವನ್ನು ಮೂಲ ತಿಳಿಸದೆ ತನ್ನದೆಂದು ಸಲ್ಲಿಸುವುದು ಕೃತಿಚೌರ್ಯ. ಆಲೂರು ತಾಲ್ಲೂಕಿನ ಪಾಳ್ಯ ಹಾಗೂ ಸಕಲೇಶಪುರ ಭಾಗದ ಗ್ರಾಮಗಳಿಂದ ಉನ್ನತ ವ್ಯಾಸಂಗಕ್ಕಾಗಿ ಹಾಸನ, ಮೈಸೂರು ಮುಂತಾದೆಡೆ ತೆರಳುವ ಅನೇಕ ವಿದ್ಯಾರ್ಥಿಗಳು ನೋಟ್ಸ್ ಕಂಠಪಾಠ ಮಾಡಿ, ಇದ್ದಂತೆಯೇ ಬರೆದು ಅಂಕ ಪಡೆದವರಾಗಿರುತ್ತಾರೆ. ಪ್ರಬಂಧ ರಚನೆಯಲ್ಲಿ ಅದೇ ರೂಢಿಯು ದೋಷವೆನಿಸುತ್ತದೆ. ಆದುದರಿಂದ ಈ ಕೆಳಕಂಡ ಅಂಶಗಳನ್ನು ಮೊದಲ ವರ್ಷದಲ್ಲಿಯೇ ತಿಳಿದಿರುವುದು ಅಗತ್ಯ.

1. ಅನ್ವಯಿಸುವ ನಿಯಮ
ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯ ತಡೆಗೆ ವಿನಿಯಮಗಳನ್ನು ಹೊರಡಿಸಿದೆ. ಇವು ಸ್ನಾತಕೋತ್ತರ ಹಾಗೂ ಸಂಶೋಧನಾ ಪದವಿಗಾಗಿ ಸಲ್ಲಿಸುವ ಪ್ರಬಂಧಗಳಿಗೆ ಅನ್ವಯಿಸುತ್ತವೆ. ತರಗತಿಯ ನಿಯೋಜಿತ ಕಾರ್ಯ, ಪ್ರಾಜೆಕ್ಟ್ ವರದಿ ಮತ್ತು ಉತ್ತರ ಪತ್ರಿಕೆಗಳು ಇವುಗಳ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗೆ ಆಯಾ ಸಂಸ್ಥೆಯ ನಿಯಮಗಳೇ ಅನ್ವಯ.

2. ಹೋಲಿಕೆಯ ಪ್ರಮಾಣ ಮತ್ತು ಕ್ರಮ
ಅ) ಶೇ. 10ರವರೆಗೆ: ದಂಡನೆ ಇಲ್ಲ.
ಆ) ಶೇ. 10ಕ್ಕೂ ಮೇಲ್ಪಟ್ಟು 40ರವರೆಗೆ: 6 ತಿಂಗಳು ಮೀರದ ನಿಗದಿತ ಅವಧಿಯೊಳಗೆ ಪರಿಷ್ಕರಿಸಿ ಸಲ್ಲಿಸತಕ್ಕದ್ದು.
ಇ) ಶೇ. 40ಕ್ಕೂ ಮೇಲ್ಪಟ್ಟು 60ರವರೆಗೆ: ಒಂದು ವರ್ಷದ ಕಾಲ ಪರಿಷ್ಕೃತ ಪ್ರಬಂಧ ಸಲ್ಲಿಸುವಂತಿಲ್ಲ.
ಈ) ಶೇ. 60ಕ್ಕೂ ಮೇಲ್ಪಟ್ಟಲ್ಲಿ: ಆ ವ್ಯಾಸಂಗದ ನೋಂದಣಿ ರದ್ದಾಗುತ್ತದೆ.
ಪದವಿ ಪಡೆದ ನಂತರ ದೋಷವು ಸಾಬೀತಾದಲ್ಲಿ, ಸಮಿತಿಯು ಸೂಚಿಸಿದ ಅವಧಿಗೆ ಪದವಿಯನ್ನು ಅಮಾನತಿನಲ್ಲಿಡಬಹುದಾಗಿದೆ.

3. ಲೆಕ್ಕಕ್ಕೆ ಬಾರದ ಭಾಗಗಳು
ಮೂಲ ಸೂಚಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನುಗಳು, ಪ್ರಮಾಣಿತ ಸಮೀಕರಣಗಳು ಹಾಗೂ ಸತತ 14 ಪದಗಳವರೆಗಿನ ಸಾಮಾನ್ಯ ಜ್ಞಾನದ ಅಥವಾ ಆಕಸ್ಮಿಕ ಹೋಲಿಕೆ.

4. ಉದಾಹರಣೆ
ಮಂಜರಾಬಾದ್ ಕೋಟೆಯು ಸಕಲೇಶಪುರದ ಬಳಿ ಇದ್ದು ನಕ್ಷತ್ರಾಕಾರದಲ್ಲಿದೆ ಎಂಬುದು ಸರ್ವವಿದಿತ, ಮೂಲ ಹೇಳಬೇಕಾಗಿಲ್ಲ. ಆ ಆಕಾರವನ್ನು ಏಕೆ ಆರಿಸಲಾಯಿತೆಂದು ಒಬ್ಬ ವಿದ್ವಾಂಸರು ಮಂಡಿಸಿದ ವಾದವನ್ನು ಬಳಸಿದಲ್ಲಿ ಅವರ ಹೆಸರು, ಕೃತಿ, ವರ್ಷ ಮತ್ತು ಪುಟಸಂಖ್ಯೆ ನೀಡಬೇಕು. ಪಾಳ್ಯದ ಕಾಫಿ ಬೆಳೆಗಾರರನ್ನು ವಿದ್ಯಾರ್ಥಿಯೇ ಸಂದರ್ಶಿಸಿ ಪಡೆದ ಮಾಹಿತಿ ಅವನ ಸ್ವಂತದ್ದು. ಸರ್ಕಾರಿ ವರದಿಯಿಂದ ಪಡೆದ ಮಳೆಯ ಅಂಕಿ-ಅಂಶ ಸ್ವಂತದ್ದಲ್ಲ.

5. ಅನುಸರಿಸಬೇಕಾದ ಕ್ರಮ
ಅ) ಟಿಪ್ಪಣಿ ಮಾಡುವಾಗಲೇ ಗ್ರಂಥ ಮತ್ತು ಪುಟವನ್ನು ಬರೆದಿಡುವುದು. ನಂತರ ಹುಡುಕಿದರೆ ಸಿಗುವುದು ಕಷ್ಟ.
ಆ) ಮೂಲದ ಮಾತುಗಳನ್ನು ಉದ್ಧರಣ ಚಿಹ್ನೆಯೊಳಗೆ ನೀಡುವುದು.
ಇ) ಕೆಲವು ಪದಗಳನ್ನಷ್ಟೇ ಬದಲಿಸುವುದು ಸ್ವಂತ ಬರವಣಿಗೆಯಲ್ಲ. ಓದಿ, ಪುಸ್ತಕ ಮುಚ್ಚಿಟ್ಟು, ತಿಳಿದುದನ್ನು ಬರೆದು, ಮೂಲವನ್ನೂ ಸೂಚಿಸುವುದು.
ಈ) ಇಂಗ್ಲಿಷ್ ಗ್ರಂಥದ ಭಾಗವನ್ನು ಕನ್ನಡಕ್ಕೆ ಅನುವಾದಿಸಿ ಮೂಲ ಮರೆಮಾಚುವುದೂ ಕೃತಿಚೌರ್ಯವೇ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸುವುದು.
ಉ) ಬೆರಳಚ್ಚಿಗೆಂದು ಡಿ.ಟಿ.ಪಿ. ಕೇಂದ್ರಕ್ಕೆ ಹೋದಾಗ ಹಿಂದಿನ ವರ್ಷದ ವರದಿಯನ್ನು ಹೆಸರು ಬದಲಿಸಿ ಪಡೆಯಬಾರದು. ಪ್ರಬಂಧವು ಸ್ವಂತದ್ದೆಂಬ ಮುಚ್ಚಳಿಕೆಗೆ ಸಹಿ ಮಾಡುವವರು ವಿದ್ಯಾರ್ಥಿ, ಹೊಣೆಯೂ ಅವರದೇ.
ಊ) ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇಲ್ಲದ ಗ್ರಂಥಗಳನ್ನೂ ಉಲ್ಲೇಖಿಸುವುದುಂಟು. ಅವುಗಳ ಬಳಕೆಗೆ ಮುನ್ನ ಮಾರ್ಗದರ್ಶಕರ ಅನುಮತಿ ಕೇಳುವುದು.

6. ಹಕ್ಕುಸ್ವಾಮ್ಯ
1957ರ ಹಕ್ಕುಸ್ವಾಮ್ಯ ಅಧಿನಿಯಮದಂತೆ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಾವಧಿ ಹಾಗೂ ನಂತರದ 60 ವರ್ಷಗಳವರೆಗೆ ಇರುತ್ತದೆ. 1991ರಲ್ಲಿ ನಿಧನರಾದ, ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕೃತಿಗಳ ಹಕ್ಕು 2051ರ ಅಂತ್ಯದವರೆಗೆ ಇರುತ್ತದೆ. ಹಕ್ಕಿನ ಅವಧಿ ಮುಗಿದ ಕೃತಿಯನ್ನು ಬಳಸಿದರೂ ಲೇಖಕರ ಹೆಸರು ಹೇಳಲೇಬೇಕು.

7. ಆರೋಪ ಬಂದಲ್ಲಿ
ವಿಭಾಗದ ಹಾಗೂ ಸಂಸ್ಥೆಯ ಸಮಿತಿಗಳು ಸಹಜ ನ್ಯಾಯದ ತತ್ವದಂತೆ ವಿದ್ಯಾರ್ಥಿಯ ಅಹವಾಲನ್ನು ಆಲಿಸತಕ್ಕದ್ದು. ಟಿಪ್ಪಣಿ ಪುಸ್ತಕ, ಸಂದರ್ಶನದ ಬರಹ ಮತ್ತು ಕರಡು ಪ್ರತಿಗಳು ಆಗ ಆಧಾರವಾಗುತ್ತವೆ. ಪದವಿ ಕೈಸೇರುವವರೆಗೆ, ಸಾಧ್ಯವಾದರೆ ಅನಂತರವೂ, ಅವುಗಳನ್ನು ಜೋಪಾನವಾಗಿಡುವುದು.