ಅರಸರ ಒಕ್ಕೂಟವೂ ಶಿರಹಟ್ಟಿ ಸೀಮೆಯೂ

ಹಳೆಯ ರಾಜಮನೆತನಗಳು ಕೈಜೋಡಿಸಿದರೆ ನಾಡಿನ ಸಂಸ್ಕೃತಿ ಮತ್ತೆ ಚಿಗುರುತ್ತದೆ ಎಂಬ ನಂಬಿಕೆ ಆಫ್ರಿಕಾದ ಹಲವೆಡೆ ಜೀವಂತವಾಗಿದೆ. ಆ ನಂಬಿಕೆಯನ್ನು ಒರೆಗೆ ಹಚ್ಚಲು ನಮ್ಮ ಉತ್ತರ ಕರ್ನಾಟಕದ ಶಿರಹಟ್ಟಿ ಸೀಮೆಯೂ ತಕ್ಕ ಜಾಗ. 1947ರಲ್ಲಿ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ತಾಲ್ಲೂಕು. ಪಕ್ಕದ ಲಕ್ಷ್ಮೇಶ್ವರ ಮೀರಜ ಹಿರಿಯ ಶಾಖೆಯದು. ಗದಗ, ಮುಂಡರಗಿ ಬ್ರಿಟಿಷರವು. ಮೂಡಣದ ಕೊಪ್ಪಳ ನಿಜಾಮನದು. ಶಿರಹಟ್ಟಿಯ ರೈತನಿಗೆ ಅರಸನ ಊರು ಇನ್ನೂರು ಕಿಲೋಮೀಟರಿನಾಚೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನೆಲೆಗಳೆಂದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆ. ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ, ಕೊಪಣವೇ ಕೊಪ್ಪಳ. ಕನ್ನಡದ ತಿರುಳೆನಿಸಿದ ಈ ನೆಲವೇ ಹೀಗೆ ಹರಿದು ಹಂಚಿಹೋಗಿತ್ತು.

ಅಧಿಕಾರ ಕೈತಪ್ಪುವ ಹೊತ್ತಿಗೆ ದಖ್ಖನ್ನಿನ ಅರಸರು ಒಂದಾಗಲು ಹೊರಟದ್ದು ನಿಜ. 1946ರಲ್ಲಿ ಗಾಂಧೀಜಿಯ ಸಲಹೆ ಕೇಳಿದರು. 1947ರಲ್ಲಿ ಔಂಧ, ಭೋರ್, ಸಾಂಗ್ಲಿ, ಮೀರಜ, ರಾಮದುರ್ಗ ಮೊದಲಾದವರು ಸಂಯುಕ್ತ ದಖ್ಖನ್ ಸಂಸ್ಥಾನಕ್ಕೆ ಒಪ್ಪಿದರು. ಜಮಖಂಡಿ ಹೊರಗುಳಿದು ವಿಲೀನದ ದಾರಿ ಹಿಡಿಯಿತು. ಒಕ್ಕೂಟ ನಿಲ್ಲಲಿಲ್ಲ, 1948ರ ಮಾರ್ಚ್ 8ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. ದೆಹಲಿಯ ಒತ್ತಡವನ್ನಷ್ಟೇ ಕಾರಣವೆಂದರೆ ಅರ್ಧ ಸತ್ಯವಾದೀತು. ಆ ಒಪ್ಪಂದ ಮನೆತನಗಳನ್ನು ಕೂಡಿಸುತ್ತಿತ್ತೇ ಹೊರತು ನಾಡನ್ನಲ್ಲ. ಶಿರಹಟ್ಟಿ ಭೋರಿನೊಡನೆ ಒಂದಾಗುತ್ತಿತ್ತು. ಮುಂಡರಗಿಯಿಂದ ದೂರವೇ ಉಳಿಯುತ್ತಿತ್ತು.

ಅರಸರ ಉಪಕಾರವನ್ನು ಮರೆಯಬಾರದೆಂಬ ಮಾತಿಗೆ ತೂಕವಿದೆ. ಔಂಧದ ಅರಸರು 1939ರಲ್ಲಿ ಹಳ್ಳಿಯ ಪಂಚಾಯತಿಗಳಿಗೆ ಅಧಿಕಾರ ಬಿಟ್ಟುಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1915ರಲ್ಲಿ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಆದರೆ ಔಂಧದ ಹಿರಿಮೆ ಇರುವುದೇ ಅರಸ ಹಿಂದೆ ಸರಿದುದರಲ್ಲಿ. ಅದೇ 1939ರಲ್ಲಿ ರಾಮದುರ್ಗದಲ್ಲಿ ಪ್ರಜೆಗಳ ಸಿಟ್ಟು ರಕ್ತಪಾತಕ್ಕೆ ತಿರುಗಿತು. ಒಳ್ಳೆಯ ಅರಸ ಸಿಕ್ಕುವುದು ಆ ಊರಿನ ಪುಣ್ಯ. ಪುಣ್ಯವನ್ನು ನಂಬಿ ನಾಡು ಕಟ್ಟಲಾಗದು.

ಸಾಂಗ್ಲಿ, ಮೀರಜಗಳನ್ನಾಳಿದ ಪಟವರ್ಧನರ ಆಡಳಿತ ಮರಾಠಿಯದಾದ್ದರಿಂದ ಹೀಗಾಯಿತು, ಕನ್ನಡದ ಅರಸರಾಗಿದ್ದರೆ ಬೇರೆಯಾಗುತ್ತಿತ್ತು ಎನ್ನುವವರೂ ಇದ್ದಾರೆ. ಹತ್ತನೆಯ ಶತಮಾನ ಇದಕ್ಕೆ ಉತ್ತರ ಕೊಡುತ್ತದೆ. ತಕ್ಕೋಲದ ಯುದ್ಧದಲ್ಲಿ ಗೆದ್ದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಬೆಳ್ವೊಲ-300, ಪುಲಿಗೆರೆ-300 ಮುಂತಾದ ನಾಡುಗಳನ್ನು ಉಡುಗೊರೆ ಕೊಟ್ಟನೆಂದು ಆತಕೂರು ಶಾಸನ ಹೇಳುತ್ತದೆ. ಕನ್ನಡದ ಅರಸರೂ ಈ ನೆಲವನ್ನು ಬಹುಮಾನವಾಗಿ ಕೈಬದಲಿಸಿದವರೇ. ಆದರೂ ಬೆಳ್ವೊಲ, ಪುಲಿಗೆರೆಗಳ ‘ಎರಡರುನೂರು’ ಎಂಬ ಜೋಡಿನಾಡಿನ ಗುರುತು ಮನೆತನಗಳು ಬದಲಾದರೂ ಅಳಿಯಲಿಲ್ಲ. ಮಹಾಜನರು, ಬಸದಿಗಳು, ದೇಗುಲಗಳು ಅದನ್ನು ಹಿಡಿದಿಟ್ಟವು. ಮುಂದೆ ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ ಮುಸ್ಲಿಮರನ್ನು ಒಂದೇ ಅಂಗಳದಲ್ಲಿ ಕೂಡಿಸಿತು. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿದವರು, ಏಕೀಕರಣಕ್ಕೆ ದುಡಿದ ಆಲೂರು ವೆಂಕಟರಾಯರು, ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಯಾರೂ ಸಿಂಹಾಸನದಿಂದ ಇಳಿದು ಬಂದವರಲ್ಲ.

ಮತ್ತೆ ಆಫ್ರಿಕಾದ ಮಾತಿಗೆ ಬಂದರೆ, ಉಗಾಂಡಾ 1993ರಲ್ಲಿ ಬುಗಾಂಡಾದಂಥ ರಾಜಪೀಠಗಳನ್ನು ಮರಳಿ ಸ್ಥಾಪಿಸಿತಾದರೂ, 1995ರ ಸಂವಿಧಾನದಲ್ಲಿ ಅವನ್ನು ಸಂಸ್ಕೃತಿಯ ಮಟ್ಟಿಗೆ ನಿಲ್ಲಿಸಿ ಪಕ್ಷರಾಜಕಾರಣದಿಂದ ದೂರವಿಟ್ಟಿತು. ಆ ಕಟ್ಟು ಸರಿಯಾದದ್ದು. ನಮ್ಮಲ್ಲಿ ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ, ಕೊಪ್ಪಳಗಳು ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು, ಜನರ ಹೋರಾಟದಿಂದ.