ಗಾಂಜಾ ಗಿಡದ ಔಷಧೀಯ ಗುಣ: ನಂಬಿಕೆ ಎಷ್ಟು, ಪುರಾವೆ ಎಷ್ಟು?

ಗಾಂಜಾ ಗಿಡದ ಬೇರಿನಿಂದ ಬೀಜದವರೆಗೆ ಎಲ್ಲವೂ ಔಷಧ ಎಂಬ ಮಾತು ಹಳೆಯದು. ನೋವು, ನಿದ್ರಾಹೀನತೆ, ಮೂರ್ಛೆರೋಗ, ಕ್ಯಾನ್ಸರ್... ಹೀಗೆ ಅದು ಗುಣಪಡಿಸುತ್ತದೆ ಎನ್ನಲಾಗುವ ಕಾಯಿಲೆಗಳ ಪಟ್ಟಿ ಉದ್ದವಾಗಿದೆ. ಆದರೆ ಗಿಡದ ಎಲ್ಲ ಭಾಗಗಳ ರಾಸಾಯನಿಕಗಳೂ ಒಂದೇ ಅಲ್ಲ. ಅವುಗಳ ಬಗ್ಗೆ ದೊರೆತ ಪುರಾವೆಯೂ ಒಂದೇ ತೂಕದ್ದಲ್ಲ.

ಯಾವ ಭಾಗದಲ್ಲಿ ಏನಿದೆ?

ಈ ಗಿಡದ ವಿಶಿಷ್ಟ ಸಂಯುಕ್ತಗಳನ್ನು ಕ್ಯಾನಬಿನಾಯ್ಡ್‌ಗಳೆಂದು ಕರೆಯುತ್ತಾರೆ. ಹೆಣ್ಣು ಗಿಡದ ಹೂಗೊಂಚಲಿನ ಮೇಲಿನ ಸೂಕ್ಷ್ಮ ರೋಮಗ್ರಂಥಿಗಳು ಸ್ರವಿಸುವ ಅಂಟಿನಲ್ಲಿ ಇವು ಹೇರಳ. ಈ ಹೂಗೊಂಚಲೇ ಗಾಂಜಾ. ಬೇರ್ಪಡಿಸಿದ ಅಂಟು ಚರಸ್. ಎಲೆಯಲ್ಲಿ, ಅಂದರೆ ಭಂಗಿ ಸೊಪ್ಪಿನಲ್ಲಿ, ಪ್ರಮಾಣ ಕಡಿಮೆ. ಕಾಂಡದ ಮುಖ್ಯ ಉಪಯೋಗ ನಾರು. ಬೇರು ಮತ್ತು ಬೀಜಗಳಲ್ಲಿ ಇವು ಇಲ್ಲವೆಂದೇ ಹೇಳಬಹುದು. ಬೀಜದಲ್ಲಿ ಕಾಣುವ ಅಲ್ಪಾಂಶ ಹೊರಗಿನಿಂದ ಅಂಟು ತಗುಲಿದ್ದರ ಫಲ.

ಅಮಲಿಗೆ ಕಾರಣವಾದ ಟಿಎಚ್‌ಸಿಯನ್ನು ಇಸ್ರೇಲಿನ ರಸಾಯನ ವಿಜ್ಞಾನಿಗಳಾದ ರಫಾಯೆಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವೋನಿ 1964ರಲ್ಲಿ ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಮತ್ತೊಂದು ಪ್ರಮುಖ ಸಂಯುಕ್ತವಾದ ಸಿಬಿಡಿ ಅಮಲು ತರುವುದಿಲ್ಲ. ಹಸಿ ಗಿಡದಲ್ಲಿ ಇವೆರಡೂ ಬಹುಪಾಲು ಆಮ್ಲರೂಪದಲ್ಲಿದ್ದು, ಬಿಸಿ ತಗುಲಿದಾಗ ಮಾರ್ಪಡುತ್ತವೆ.

ಪುರಾವೆ ಇರುವುದೆಲ್ಲಿ?

ಕಿಮೋಥೆರಪಿಯಿಂದಾಗುವ ವಾಂತಿಗೆ ಪ್ರಯೋಗಾಲಯದಲ್ಲಿ ತಯಾರಾದ ಟಿಎಚ್‌ಸಿ ಗುಳಿಗೆಗೆ ಅಮೆರಿಕ 1985ರಲ್ಲಿ ಅನುಮತಿ ನೀಡಿತು. ಮಕ್ಕಳನ್ನು ಕಾಡುವ ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಎಂಬ ತೀವ್ರ ಮೂರ್ಛೆರೋಗಗಳಿಗೆ ಶುದ್ಧ ಸಿಬಿಡಿ ದ್ರಾವಣ 2018ರಲ್ಲಿ ಅಲ್ಲಿಯೇ ಮಾನ್ಯವಾಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಸ್ನಾಯು ಬಿಗಿತಕ್ಕೆ ಇವೆರಡೂ ಸೇರಿದ ಬಾಯಿ ಸಿಂಪರಣೆಯನ್ನು ಬ್ರಿಟನ್ 2010ರಲ್ಲಿ ಒಪ್ಪಿತು. ಇವೆಲ್ಲವೂ ಅಳತೆ ಖಚಿತವಾದ ಔಷಧಗಳು. ಸೇದುವ ಗಾಂಜಾಕ್ಕೆ ಈ ಮಾನ್ಯತೆ ಅನ್ವಯಿಸದು.

ನಂಬಿಕೆಗಳು

ಕ್ಯಾನ್ಸರ್ ವಾಸಿಯಾಗುತ್ತದೆ: ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕೆಲವು ಕ್ಯಾನ್ಸರ್ ಕೋಶಗಳು ಸತ್ತಿರುವುದು ನಿಜ. ಮನುಷ್ಯರಲ್ಲಿ ಕಾಯಿಲೆ ವಾಸಿಯಾದುದಕ್ಕೆ ಪುರಾವೆಯಿಲ್ಲ.

ಗ್ಲಾಕೋಮಾಕ್ಕೆ ಮದ್ದು: ಟಿಎಚ್‌ಸಿಯಿಂದ ಕಣ್ಣಿನ ಒತ್ತಡ ಇಳಿಯುತ್ತದೆ, ಆದರೆ ಮೂರು-ನಾಲ್ಕು ಗಂಟೆ ಮಾತ್ರ. ಆದ್ದರಿಂದಲೇ ನೇತ್ರತಜ್ಞರು ಇದನ್ನು ಶಿಫಾರಸು ಮಾಡುವುದಿಲ್ಲ.

ಬೀಜದ ಎಣ್ಣೆಯೂ ಸಿಬಿಡಿ ಎಣ್ಣೆಯೂ ಒಂದೇ: ಅಲ್ಲ. ಬೀಜದೆಣ್ಣೆ ಒಮೇಗಾ ಕೊಬ್ಬಿನಾಮ್ಲಗಳುಳ್ಳ ಆಹಾರ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಅದಕ್ಕೆ ಆಹಾರವೆಂದೇ ಅನುಮತಿ ನೀಡಿದೆ.

ನೈಸರ್ಗಿಕ, ಆದ್ದರಿಂದ ಅಪಾಯವಿಲ್ಲ: ಟಿಎಚ್‌ಸಿ ಅಧಿಕವಿರುವ ಗಾಂಜಾವನ್ನು ಹರೆಯದಲ್ಲೇ ನಿತ್ಯ ಸೇವಿಸುವವರಲ್ಲಿ ಮನೋವಿಕಾರದ ಸಂಭವ ಹೆಚ್ಚು. ಸಿಬಿಡಿ ಯಕೃತ್ತಿನ ಕಿಣ್ವಗಳನ್ನು ಏರಿಸಬಲ್ಲದು; ರಕ್ತ ತೆಳುವಾಗಿಸುವ ವಾರ್ಫರಿನ್‌ನಂತಹ ಔಷಧಗಳ ಪರಿಣಾಮವನ್ನೂ ಹೆಚ್ಚಿಸಬಲ್ಲದು.

ಕಾನೂನು ಮತ್ತು ಎಚ್ಚರ

1985ರ ಮಾದಕ ದ್ರವ್ಯ ನಿಯಂತ್ರಣ ಕಾಯ್ದೆ (ಎನ್‌ಡಿಪಿಎಸ್) ಹೂಗೊಂಚಲು ಮತ್ತು ಅಂಟನ್ನು ಮಾದಕವಸ್ತುವೆಂದು ಪರಿಗಣಿಸುತ್ತದೆ. ಹೂಗೊಂಚಲಿನ ಜೊತೆಗಿಲ್ಲದ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಗೆ ಸೇರುವುದಿಲ್ಲ. ಕಾನೂನಿನ ಈ ವಿನಾಯಿತಿಯನ್ನು ಔಷಧೀಯ ಗುಣಕ್ಕೆ ಸಾಕ್ಷಿಯೆಂದು ಭಾವಿಸಬಾರದು.

ಮೂರ್ಛೆರೋಗದ ಮಕ್ಕಳಿಗೆ ಮಾನ್ಯವಾದ ಸಿಬಿಡಿ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸಾಮಾನ್ಯವಾಗಿ 10ರಿಂದ 20 ಮಿಲಿಗ್ರಾಂ. ಅಂದರೆ 20 ಕಿಲೋ ತೂಕದ ಮಗುವಿಗೆ 200ರಿಂದ 400 ಮಿಲಿಗ್ರಾಂ. ಅದನ್ನೂ ಸಾಮಾನ್ಯವಾಗಿ ಇತರ ಔಷಧಗಳ ಜೊತೆಗೇ ಕೊಡಲಾಗುತ್ತದೆ. ಯಾರದೋ ಮಾತು ನಂಬಿ ಅಳತೆ ತಿಳಿಯದ ಎಣ್ಣೆಯ ನಾಲ್ಕು ಹನಿ ಹಾಕಿ, ನಡೆಯುತ್ತಿರುವ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಸತತ ಸೆಳವು ಬಂದು ಮಗುವಿನ ಪ್ರಾಣಕ್ಕೇ ಕುತ್ತಾಗಬಹುದು. ಬದಲಾವಣೆ ಏನೇ ಇರಲಿ, ನರರೋಗ ತಜ್ಞರನ್ನು ಕೇಳಿಯೇ ಮಾಡುವುದು ಕ್ಷೇಮ.