ಡ್ಯೂಟಿ ಮುಗಿದ ಮೇಲೆ – ಭಾಗ 14: ಕಾಳ್ಗಿಚ್ಚಿನ ಪಾಠಪುಸ್ತಕ

ಕಳೆದ ಭಾನುವಾರ ಫೋನಿನಲ್ಲಿ ಚಿಕ್ಕಪ್ಪ ಕೇಳಿದರು, "ಕಾಡಿಗೆ ಬೆಂಕಿ ಬಿದ್ರೆ ಹಸಿ ಸೊಪ್ಪು ಮುರಿದು ಬಡೀಬೇಕಪ್ಪ, ಅದಕ್ಕೂ ಅಮೆರಿಕದಲ್ಲಿ ಕೋರ್ಸ್ ಇದೆಯಾ?" ಇದೆ ಚಿಕ್ಕಪ್ಪ. ನನ್ನ ಸಹೋದ್ಯೋಗಿಯೊಬ್ಬಳ ಮಗ ಈ ವರ್ಷ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಸೇರಿದ್ದಾನೆ. ಮಗಳು ತುರ್ತು ಕರೆ ಸ್ವೀಕರಿಸುವ ಡಿಸ್ಪ್ಯಾಚರ್ ಕೆಲಸ ಕಲಿಯುತ್ತಿದ್ದಾಳೆ. ಇಬ್ಬರ ಪಾಠಗಳನ್ನೂ ನೋಡಿದೆ. ನಮ್ಮ ನರ್ಸಿಂಗ್ ಪುಸ್ತಕಗಳ ಹಾಗೆಯೇ. ಎಷ್ಟೋ ಸಾಲುಗಳ ಹಿಂದೆ ಯಾರೋ ಸತ್ತಿದ್ದಾರೆ.

ಅವರ ಕೈಗೆ ಮೊದಲು ಕೊಡುವ ಆಯುಧವನ್ನೇ ತೆಗೆದುಕೊಳ್ಳಿ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. ಹೆಸರು ಪುಲಾಸ್ಕಿ. 1910ರ ಆಗಸ್ಟಿನಲ್ಲಿ ಇಡಾಹೊ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟಿತು. ಆಗ ಎಡ್ ಪುಲಾಸ್ಕಿ ಎಂಬ ರೇಂಜರ್ ತನ್ನ ಆಳುಗಳನ್ನು ಹಳೆಯ ಗಣಿಯ ಸುರಂಗಕ್ಕೆ ನುಗ್ಗಿಸಿ, ಹೆದರಿ ಹೊರಗೆ ಓಡಲು ಹೊರಟವರಿಗೆ ಪಿಸ್ತೂಲು ತೋರಿಸಿ ತಡೆದ. ಹೆಚ್ಚಿನವರು ಬದುಕಿದರು. ಆಯುಧಕ್ಕೆ ಉಳಿದದ್ದು ಅವನದೇ ಹೆಸರು.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಮೊಂಟಾನಾದ ಮ್ಯಾನ್ ಗಲ್ಚ್ ಕಥೆ. 1949ರ ಆಗಸ್ಟ್ 5. ವಿಮಾನದಿಂದ ಪ್ಯಾರಾಚೂಟಿನಲ್ಲಿ 15 ಜನ ಇಳಿದರು. ಕೆಳಗೆ ಕಾಡಿನ ಕಾವಲುಗಾರನೊಬ್ಬ ಸೇರಿಕೊಂಡ. ಅವರ ರೇಡಿಯೋ ಕಟ್ಟಿದ್ದ ಪ್ಯಾರಾಚೂಟ್ ತೆರೆಯಲೇ ಇಲ್ಲ, ರೇಡಿಯೋ ಚೂರಾಯಿತು. ಬೆಂಕಿ ಕಣಿವೆ ದಾಟಿ ಒಣಹುಲ್ಲಿಗೆ ಹಿಡಿದು ಇವರ ಬೆನ್ನು ಹತ್ತಿತು. ಕಡಿದಾದ ಏರು, ಎಲ್ಲರೂ ಓಡುತ್ತಿದ್ದಾರೆ. ಆಗ ಮುಂದಾಳು ವ್ಯಾಗ್ನರ್ ಡಾಜ್ ನಿಂತು, ಕಡ್ಡಿ ಗೀರಿ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಹಚ್ಚಿದ! ಸುಟ್ಟ ಜಾಗದಲ್ಲಿ ಮತ್ತೆ ಉರಿಯಲು ಏನೂ ಇರುವುದಿಲ್ಲ, ಬನ್ನಿ, ಬೂದಿಯಲ್ಲಿ ಮಲಗಿ ಎಂಬುದು ಅವನ ಲೆಕ್ಕ. ಕರೆದ. ಯಾರೂ ಬರಲಿಲ್ಲ. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಇವನಿಗೆ ತಲೆ ಕೆಟ್ಟಿದೆ ಅನ್ನಿಸಿದ್ದರೆ ತಪ್ಪೇನು? ಡಾಜ್ ಬೂದಿಯಲ್ಲಿ ಬೋರಲು ಮಲಗಿ ಉಳಿದ. ಇಬ್ಬರು ಬಂಡೆಯ ಸಂದಿಯಲ್ಲಿ ನುಸುಳಿ ಉಳಿದರು. 13 ಜನ ಹೋದರು, ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು.

1956ರಲ್ಲಿ ಕ್ಯಾಲಿಫೋರ್ನಿಯಾದ ಇನಾಹಾ ಬೆಂಕಿಯಲ್ಲಿ ಇನ್ನೂ 11 ಜನ ಸತ್ತ ಮೇಲೆ ಅರಣ್ಯ ಇಲಾಖೆ ಹಳೆಯ ದುರಂತಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. 1957ರಲ್ಲಿ ಹತ್ತು ಆಜ್ಞೆಗಳು ಬಂದವು. ಇವತ್ತಿಗೂ ಹುಡುಗರು ಬಾಯಿಪಾಠ ಮಾಡುತ್ತಾರೆ. ಮೊದಲನೆಯದೇ: ಹವಾಮಾನದ ಮುನ್ಸೂಚನೆ ತಿಳಿದಿರಲಿ. (20 ಕೆಜಿ ಹೊತ್ತು 3 ಮೈಲಿಯನ್ನು 45 ನಿಮಿಷದಲ್ಲಿ ನಡೆಯುವ ಪರೀಕ್ಷೆಯೂ ಇದೆ, ಓಡುವಂತಿಲ್ಲ. ನಮ್ಮ ಮಲೆನಾಡಿನ ಅಡಿಕೆ ಹೊರುವವರು ನಗುತ್ತಾ ಪಾಸಾಗುತ್ತಾರೆ.)

ಅಷ್ಟಾದರೂ 1994ರ ಜುಲೈ 6ರಂದು ಕೊಲೊರಾಡೊದ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ 14 ಜನ ಸತ್ತರು. ಗಾಳಿ ಜೋರಾಗುತ್ತದೆಂದು ಹವಾಮಾನದವರು ಮೊದಲೇ ಹೇಳಿದ್ದರು. ಆ ಮಾತು ಬೆಟ್ಟದ ಮೇಲಿದ್ದ ತಂಡಗಳನ್ನು ತಲುಪಲಿಲ್ಲ ಎಂದು ತನಿಖೆಯಲ್ಲಿ ಗೊತ್ತಾಯಿತು. ಮೊದಲನೇ ಆಜ್ಞೆ ಬಾಯಿಗೆ ಬರುತ್ತಿತ್ತು, ಸುದ್ದಿ ಕಿವಿಗೆ ಬೀಳಲಿಲ್ಲ.

ಅದಕ್ಕೇ ನನಗೆ ಅಣ್ಣನ ಪಾಠಕ್ಕಿಂತ ತಂಗಿಯದು ಚಿಕ್ಕದು ಅನ್ನಿಸುವುದಿಲ್ಲ. ಕಾಡಿನ ಬೆಂಕಿಯ ಡಿಸ್ಪ್ಯಾಚರ್‌ಗಳು ದಿನಾ ಹವಾಮಾನ ವರದಿಯನ್ನು ರೇಡಿಯೋದಲ್ಲಿ ಓದುತ್ತಾರೆ. ತುರ್ತು ಕರೆಗೂ ಇಲ್ಲಿ ಇತಿಹಾಸ ಚಿಕ್ಕದೇ: ದೇಶದ ಮೊದಲ 911 ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಆಗ ಫೋನ್ ಎತ್ತಿದವರು ಗಾಡಿ ಕಳಿಸಿದರೆ ಮುಗಿಯಿತು. 1970ರ ದಶಕದ ಕೊನೆಗೆ ಸಾಲ್ಟ್ ಲೇಕ್ ಸಿಟಿಯ ವೈದ್ಯ ಜೆಫ್ ಕ್ಲಾಸನ್ ಪ್ರಶ್ನೆಗಳ ಕಾರ್ಡುಗಳನ್ನು ಬರೆದರು: ಏನು ಕೇಳಬೇಕು, ಆಂಬುಲೆನ್ಸ್ ಬರುವತನಕ ಏನು ಮಾಡಿಸಬೇಕು. ಎದೆ ಒತ್ತುವುದನ್ನು ಫೋನಿನಲ್ಲೇ ಎಣಿಸಿ ಮಾಡಿಸಿದ್ದರಿಂದ ಜೀವ ಉಳಿದು ನಮ್ಮ ಎಮರ್ಜೆನ್ಸಿಗೆ ಬಂದವರನ್ನು ನಾನೇ ನೋಡಿದ್ದೇನೆ. ಆ ಹುಡುಗಿಗೆ ಮೊದಲು ಕಲಿಸಿದ್ದು "ಏನಾಯಿತು" ಅಂತ ಕೇಳುವುದನ್ನಲ್ಲ, "ಎಲ್ಲಿ" ಅಂತ. ಲೈನ್ ಕಟ್ಟಾದರೂ ಜಾಗ ಗೊತ್ತಿದ್ದರೆ ಗಾಡಿ ಹೊರಡುತ್ತದೆ.

ನಮ್ಮ ಕಡೆಯೂ 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು, ನೆನಪಿದೆಯಾ? ಬೇಸಿಗೆ ಶುರುವಾಯಿತು. ಗುಡ್ಡದ ಕಡೆ ಹೊಗೆ ಕಂಡರೆ ವಿಡಿಯೋ ಆಮೇಲೆ ಮಾಡಿ, ಮೊದಲು 112ಕ್ಕೆ ಫೋನ್ ಮಾಡಿ ಜಾಗ ಹೇಳಿ. ಮುಂದಿನ ಭಾಗದಲ್ಲಿ ಹೊಗೆ ಕುಡಿದವರ ಶ್ವಾಸಕೋಶದ ವಿಚಾರ ಬರೆಯುತ್ತೇನೆ. ನಾಳೆಯಿಂದ ಮೂರು ನೈಟ್ ಶಿಫ್ಟ್ ಇದೆ, ಸ್ವಲ್ಪ ತಡವಾದೀತು.